ನೆರಿಗೆಯ ದಾರ

"ಗುಂಡಿ, ನಿನ್ನ ದೊಡ್ಡಮ್ಮನಿಗೆ ಹೇಳು. ಎರಡು ತೋಳೂ ಎಡಗೈಯವೇ ಬಂದಿವೆ. ಎರಡೂ ಕೈ ಎಡಗೈ ಆಗಿರೋ ಮನುಷ್ಯನನ್ನ ಎಲ್ಲಿಂದ ಹುಡುಕಿ ತರ್ತಾರೆ ಅಂತ ಕೇಳು."

ತಂಗಿ ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಕತ್ತರಿಸಿ ಬಂದ ಬೂದು ಬಟ್ಟೆಯ ಎರಡು ತುಂಡುಗಳನ್ನು ನಾಯಿಯ ಮೂತಿಯ ಮುಂದೆ ಹಿಡಿದಳು. ಇಂಥ ಮಾತು ಕಿವಿಗೆ ಬಿದ್ದೊಡನೆ ಎದ್ದು, ಎರಡು ಕೋಣೆಗಳ ನಡುವಿನ ಹೊಸ್ತಿಲಿಗೆ ಹೋಗಿ, ಆ ಕಡೆಯ ಉತ್ತರಕ್ಕಾಗಿ ಕಾದು ನಿಲ್ಲುವುದು ಗುಂಡಿಯ ವಾಡಿಕೆ. ಇಂದು ಅದು ಏಳಲಿಲ್ಲ. ಒಂದು ಕಿವಿಯನ್ನು ಅರ್ಧ ಎತ್ತಿ, ಹಾಗೆಯೇ ಇಳಿಸಿತು.

ಮುಂಗೋಣೆಯಲ್ಲಿ ಅಕ್ಕನ ಕತ್ತರಿ ಕ್ಷಣಕಾಲ ತಡೆದು ಮತ್ತೆ ನಡೆಯಿತು. "ಗುಂಡಿ, ನಿನ್ನ ಚಿಕ್ಕಮ್ಮನಿಗೆ ಹೇಳು. ಆ ಬಟ್ಟೆಗೆ ಒಳಮೈ ಹೊರಮೈ ಅಂತ ಬೇರೆ ಇಲ್ಲ. ಒಂದನ್ನ ಮಗುಚಿದ್ರೆ ಬಲಗೈ ಅಲ್ಲೇ ಸಿಗುತ್ತೆ. ಇಷ್ಟು ವರ್ಷ ಹೊಲಿದವರಿಗೆ ಅದನ್ನೂ ಹೇಳಿಕೊಡಬೇಕಾ ಅಂತ ಕೇಳು."

ತಂಗಿ ಒಂದನ್ನು ಮಗುಚಿದಳು. ಬಲಗೈ ಅಲ್ಲೇ ಇತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಮದುವೆಯಾಗಲಿಲ್ಲ, ತಂಗಿಯದು ನಿಲ್ಲಲಿಲ್ಲ. ತಾಯಿ ಬಿಟ್ಟುಹೋದ ಹೊಲಿಗೆ ಅಂಗಡಿಯೇ ಇಬ್ಬರಿಗೂ ಮನೆ. ಬೀದಿಗೆ ತೆರೆದ ಮುಂಗೋಣೆಯಲ್ಲಿ ಉದ್ದನೆಯ ಮೇಜು, ಅಳತೆ, ಕತ್ತರಿ, ಫೋನು, ಅಕ್ಕನ ಮಂಚ. ಹಿತ್ತಲಿಗೆ ತೆರೆದ ಹಿಂಗೋಣೆಯಲ್ಲಿ ಯಂತ್ರ, ಇಸ್ತ್ರಿ, ತಂಗಿಯ ಮಂಚ. ನಡುವೆ ಬಾಗಿಲಿಲ್ಲದ ಒಂದು ಹೊಸ್ತಿಲು. ಅಕ್ಕ ಬಟ್ಟೆ ಕತ್ತರಿಸಿ, ತುಂಡುಗಳನ್ನು ಬಿಳಿಯ ಕಚ್ಚಾ ದಾರದಿಂದ ಸಡಿಲವಾಗಿ ಪೋಣಿಸಿ ಕಳಿಸುತ್ತಾಳೆ. ತಂಗಿ ಅದರ ಮೇಲೆ ಯಂತ್ರ ಓಡಿಸಿ, ಕಚ್ಚಾ ದಾರವನ್ನು ಬೆರಳಿಗೆ ಸುತ್ತಿ ಒಂದೇ ಎಳೆತಕ್ಕೆ ಕಿತ್ತು ನೆಲಕ್ಕೆ ಬಿಡುತ್ತಾಳೆ. ಒಬ್ಬಳು ಹಾಕುವ ದಾರವನ್ನು ಇನ್ನೊಬ್ಬಳು ಕೀಳುವುದೇ ಕಸುಬು. ಅದಕ್ಕೆ ಮಾತಿನ ಅಗತ್ಯವಿರಲಿಲ್ಲ.

ಮಾತು ನಿಂತದ್ದು ತಾಯಿಯ ಸಾವಿನೊಂದಿಗೆ. ಹೊಟ್ಟೆನೋವೆಂದು ತಾಯಿ ಮುದುಡಿ ಮಲಗಿದ ಸಂಜೆ, ಆಸ್ಪತ್ರೆಗೆ ಹೋಗೋಣವೆಂದವಳು ತಂಗಿ. ಬೆಳಿಗ್ಗೆ ನೋಡೋಣವೆಂದವಳು ಅಕ್ಕ. ಬೆಳಗಾಯಿತು, ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ತಂಗಿ ಬಾಯಿ ಹೊಲಿದುಕೊಂಡಳು. ಅಕ್ಕನೂ ಆ ಹೊಲಿಗೆಯನ್ನು ಬಿಚ್ಚಲು ಹೋಗಲಿಲ್ಲ. ಅದೇ ವರ್ಷ ಮೆಟ್ಟಿಲ ಕೆಳಗೆ ಬಂದು ಸೇರಿಕೊಂಡ ಮರಿಯ ಮೂಗು ಕೋಟಿನ ಗುಂಡಿಯಷ್ಟು ಕಪ್ಪಾಗಿ, ದುಂಡಾಗಿ ಹೊಳೆಯುತ್ತಿತ್ತು. ಹೆಸರಿಟ್ಟವರು ಯಾರೆಂಬುದು ಇಬ್ಬರಿಗೂ ಮರೆತಿದೆ. ಅದರ ಮುಖಾಂತರ ಮೊದಲು ಮಾತಾಡಿದವರು ಯಾರೆಂಬುದು ಮಾತ್ರ ಚೆನ್ನಾಗಿ ನೆನಪಿದೆ, ಇಬ್ಬರಿಗೂ ಬೇರೆ ಬೇರೆಯಾಗಿ. ಒಬ್ಬ ದೊಡ್ಡಮ್ಮನನ್ನೂ ಒಬ್ಬ ಚಿಕ್ಕಮ್ಮನನ್ನೂ ಪಡೆದ ಆ ನಾಯಿಗೆ ಅಮ್ಮನೆಂಬವಳು ಒಬ್ಬಳೂ ಇರಲಿಲ್ಲ. ಎದುರು ಅಂಗಡಿಯ ಗಡಿಯಾರ ರಿಪೇರಿಯವನು ಅದನ್ನು ಅಂಚೆ ಕಚೇರಿ ಎಂದೇ ಕರೆಯುತ್ತಿದ್ದ.

ಎರಡು ಕೋಣೆಯಲ್ಲಿ ಎರಡು ತಟ್ಟೆಗಳಿದ್ದವು. ಇಬ್ಬರೂ ತಮ್ಮ ತಮ್ಮ ತಟ್ಟೆಗೆ ಅನ್ನ ಹಾಕುತ್ತಿದ್ದರು. ಯಾವುದನ್ನು ನಾಯಿ ಮೊದಲು ನೆಕ್ಕುತ್ತದೆ ಎಂಬುದನ್ನು ನೋಡದ ಹಾಗೆ ನೋಡುತ್ತಿದ್ದರು. ನಿನ್ನೆ ಮೊನ್ನೆಯಿಂದ ತಂಗಿಯ ತಟ್ಟೆ ಹಾಕಿದಂತೆಯೇ ಉಳಿಯುತ್ತಿತ್ತು. ಆ ಕಡೆ ಏನೋ ರುಚಿಯಾದದ್ದನ್ನು ಹಾಕಿ ಒಲಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಅವಳು, ಒಣಗಿದ ಅನ್ನವನ್ನು ಸದ್ದಾಗುವಂತೆ ಹಿತ್ತಲಿಗೆ ಚೆಲ್ಲಿದ್ದಳು.

ಈಗ ಗುಂಡಿ ಎದ್ದಿತು. ಮುಂಗಾಲುಗಳನ್ನು ಚಾಚಿ, ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನು ಮಾತ್ರ ಎತ್ತಿ ನಿಂತಿತು. ಆಟಕ್ಕೆ ಕರೆಯುವಾಗಲೂ ಅದು ಹೀಗೆಯೇ ನಿಲ್ಲುತ್ತಿತ್ತು. ಆದರೆ ಆಗ ಬಾಲ ಸುಮ್ಮನಿರುತ್ತಿರಲಿಲ್ಲ. ಕಣ್ಣು ಎಲ್ಲೋ ಒಳಗಿನದೊಂದನ್ನು ಆಲಿಸುವಂತಿತ್ತು. ಬಾರಿ ಬಾರಿಗೂ ತುಟಿ ನೆಕ್ಕಿತು, ಏನನ್ನೋ ನುಂಗಿತು. ಆಮೇಲೆ ಪಕ್ಕೆಗಳೆರಡೂ ಒಳಕ್ಕೆ ಸೆಳೆದುಕೊಂಡು, ಕತ್ತು ಮುಂದಾಗಿ, ಹಳದಿ ನೀರನ್ನು ಹೊಸ್ತಿಲ ಹತ್ತಿರ ಕಕ್ಕಿತು.

ತಂಗಿ ಅದರ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಿಗಿದ ಚರ್ಮದ ಕೆಳಗೆ ಗಟ್ಟಿಯಾದದ್ದೇನೋ ಇದ್ದಂತೆನಿಸಿತು. ಯಾವತ್ತೂ ಗುರ್ರೆನ್ನದ ನಾಯಿ ಸಣ್ಣಗೆ ಗುರ್ರೆಂದಿತು.

"ಗುಂಡಿ, ಕೇಳು," ಎಂದಳು, ಗಂಟಲೆತ್ತಿ. "ಕೊಬ್ಬು, ಮೂಳೆ, ಏನೇನು ಹಾಕಿ ನಿನ್ನನ್ನ ಹಾಳು ಮಾಡಿದ್ರು ಅಂತ ಕೇಳು. ಈಗಲೇ ಡಾಕ್ಟರ ಹತ್ರ ಹೋಗಬೇಕು ಅಂತ ಹೇಳು."

ಮೂಳೆಯನ್ನು ತಾನು ಹಾಕಿಲ್ಲವೆಂದೂ, ಹಿಂಗೋಣೆಯ ನೆಲ ಗುಡಿಸಿ ಎಷ್ಟು ದಿನವಾಯಿತೆಂದು ಅಲ್ಲಿ ಕೂತವರನ್ನೇ ವಿಚಾರಿಸಬೇಕೆಂದೂ ಅಕ್ಕ ನಾಯಿಗೆ ಹೇಳಿದಳು. ಹೋಟೆಲಿನವರು ಸಂಜೆಗೆ ಕೋಟುಗಳಿಗಾಗಿ ಬರುತ್ತಾರೆ, ಒಂದು ಹೊತ್ತು ಉಪವಾಸವಿದ್ದರೆ ನಾಯಿಯ ಹೊಟ್ಟೆ ತಾನೇ ಸರಿಹೋಗುತ್ತದೆ ಎಂದಳು. ಕೊನೆಗೆ, ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದಿನೊಂದಿಗೆ, "ಬೆಳಿಗ್ಗೆ ನೋಡೋಣ," ಎಂದಳು.

ತಂಗಿ ನಾಯಿಯ ಕಿವಿಯ ಹತ್ತಿರ ಬಾಗಿದಳು.

"ಕೇಳಿಸ್ತಾ ಗುಂಡಿ," ಎಂದಳು ತಂಗಿ. ಈಗ ಅವಳ ದನಿ ಎತ್ತರದಲ್ಲಿರಲಿಲ್ಲ. ಕಚ್ಚುವ ಹಾಗೆ ಮೆಲ್ಲಗಿತ್ತು. "ಈ ಮನೇಲಿ ಸಾಯೋರಿಗೆಲ್ಲ ಒಂದೇ ಔಷಧಿ. ಬೆಳಿಗ್ಗೆ ನೋಡೋಣ. ನಿಮ್ಮಜ್ಜಿಗೂ ಅದನ್ನೇ ಕುಡಿಸಿದ್ರು."

ಅಕ್ಕನ ಚಪ್ಪಲಿ ಬೀದಿಯ ಕಡೆಗೆ ನಡೆದು ನಿಂತ ಸದ್ದು ಮಾತ್ರ ಕೇಳಿತು. ಹೊಡೆತ ಸರಿಯಾಗಿ ಬಿತ್ತೆಂದು ತಂಗಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೆ ಸಮಾಧಾನವೂ ಆಯಿತು. ಅವಳು ಮೊಣಕಾಲೂರಿ ನಾಯಿಯ ಬಾಲವನ್ನು ಎತ್ತಿ ನೋಡಿದಳು.

ಅಲ್ಲಿ ಒಂದು ಬಿಳಿಯ ದಾರ ಇಳಿಬಿದ್ದಿತ್ತು.

ಕಚ್ಚಾ ದಾರ. ಕೊಳೆಯಾಗಿದ್ದರೂ ಗುರುತು ಹತ್ತಿತು: ಹೊಳಪಿಲ್ಲದ, ಸಡಿಲ ಹುರಿಯ, ಎಳೆದು ಬಿಸಾಡುವುದಕ್ಕೆಂದೇ ತರಿಸುವ ದಾರ. ಅವಳಿಗೆ ಒಮ್ಮೆಗೇ ಎಲ್ಲವೂ ಸುಲಭವಾಗಿ ಕಂಡಿತು. ಇದು ನುಂಗಿದೆ, ಸಿಕ್ಕಿಕೊಂಡಿದೆ, ಎಳೆದರೆ ಬರುತ್ತದೆ. ಯೋಚನೆಗಿಂತ ಮೊದಲೇ ಬೆರಳು ಬಾಗಿತ್ತು. ದಾರ ಅದಕ್ಕೆ ಒಂದು ಸುತ್ತು ಬಂದಿತ್ತು. ದಿನವಿಡೀ ಆ ಬೆರಳು ಮಾಡುತ್ತಿದ್ದ ಕೆಲಸ ಅದೊಂದೇ.

"ಎಳೀಬೇಡ."

ಹೊಸ್ತಿಲಲ್ಲಿ ಅಕ್ಕ ನಿಂತಿದ್ದಳು. ಫೋನಿನ ಸುರುಳಿ ತಂತಿ ಮುಂಗೋಣೆಯ ಗೋಡೆಯಿಂದ ಅವಳ ಕೈಯವರೆಗೆ ಬಿಗಿದು ನಿಂತಿತ್ತು. "ಎಳೀಬೇಡ. ಬಿಡು ಕೈ."

ಮಾತಿನ ಮೊದಲಲ್ಲಿ ಗುಂಡಿ ಇರಲಿಲ್ಲ, ಕೊನೆಯಲ್ಲೂ ಇರಲಿಲ್ಲ. ಅಷ್ಟು ವರ್ಷಗಳ ಮೇಲೆ ನೇರವಾಗಿ ತನ್ನ ಮುಖಕ್ಕೆ ಬಂದ ಆ ದನಿ ತಂಗಿಗೆ ಯಾರೋ ತೋಳು ಹಿಡಿದು ಜಗ್ಗಿದಂತೆ ಅನಿಸಿತು. ಬೇಡ ಎನ್ನಲು ಇವಳು ಯಾರು? ಆ ಒಂದು ಉಸಿರಿನಷ್ಟು ಹೊತ್ತು, ಅಕ್ಕ ಬೇಡವೆಂದಳೆಂಬ ಒಂದೇ ಕಾರಣಕ್ಕೆ, ಅವಳು ಎಳೆದಳು.

ದಾರ ಚೂರು ಬಂತು, ತಡೆಯಿತು. ನಾಯಿ ಕೂಗಲಿಲ್ಲ, ಅದರ ಇಡೀ ಬೆನ್ನು ಬಿಲ್ಲಾಯಿತು. ಬೆರಳಿಗೆ ಒಂದು ಪರಿಚಿತವಾದ ಬಿಗಿತ ತಾಕಿತು. ಉದ್ದನೆಯ ಬಟ್ಟೆಗೆ ಸಡಿಲ ಹೊಲಿಗೆ ಹಾಕಿ ತುದಿಯ ದಾರವನ್ನು ಜಗ್ಗಿದಾಗ, ಬಟ್ಟೆ ಮಡಿಕೆ ಮಡಿಕೆಯಾಗಿ ತನ್ನ ಮೇಲೇ ತಾನು ಬಂದು ಕೂಡುವ ಬಿಗಿತ. ನೆರಿಗೆ. ಅವಳು ಬೆಂಕಿ ಮುಟ್ಟಿದವಳಂತೆ ಕೈಬಿಟ್ಟಳು.

ಡಾಕ್ಟರಮ್ಮ ಫೋನಿನಲ್ಲೇ ಇದ್ದರು. ಹೊಲಿಗೆ ಅಂಗಡಿಯ ನಾಯಿ ಎಂದೊಡನೆ, ದಾರ ಕಂಡರೆ ಎಳೆಯಬೇಡಿ ಎಂದವರು ಅವರೇ. ಅವರು ಹೇಳಿದ್ದನ್ನು ಅಕ್ಕ ಹೇಳಿದಳು, ತಂಗಿ ಮಾಡಿದಳು. ದವಡೆ ಬಿಡಿಸಿ, ಹೆಬ್ಬೆರಳಿನಿಂದ ಗದ್ದದಡಿ ಒತ್ತಿ, ನಾಲಿಗೆಯನ್ನು ಎತ್ತಿ ನೋಡಬೇಕಿತ್ತು. ಅಡಿಯಲ್ಲಿ ಅದೇ ದಾರ ಕುಣಿಕೆಯಂತೆ ಸಿಕ್ಕಿ, ಮಾಂಸದೊಳಗೆ ಗೆರೆ ಕೊರೆದಿತ್ತು. ಅಕ್ಕನ ಕೈ ಸೊಂಟದ ಸಣ್ಣ ಕತ್ತರಿಗೆ ಹೋಯಿತು. ಕತ್ತರಿಸಲೂ ಕೂಡದು, ನೀರು, ಅನ್ನ, ಎಣ್ಣೆ, ಏನನ್ನೂ ಕುಡಿಸಕೂಡದು, ಹಾಗೆಯೇ ಎತ್ತಿಕೊಂಡು ಈ ಕ್ಷಣ ಬನ್ನಿ ಎಂದು ಫೋನು ಗದರಿಸಿತು.

ಗಡಿಯಾರದವನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಎರಡು ಕಿಟಕಿಗೆ ಮುಖ ಮಾಡಿ ಕೂತರು. ನಡುವೆ ಬೂದು ಕೋಟಿನ ಬಟ್ಟೆಯಲ್ಲಿ ಸುತ್ತಿದ ನಾಯಿ. ಅಂಚೆ ಕಚೇರಿಗೆ ಈ ದಿನ ರಜೆಯೋ ಎಂದು ಅವನು ಕನ್ನಡಿಯಲ್ಲಿ ನೋಡಿ ನಕ್ಕ. ನಗುವನ್ನು ಯಾರೂ ತೆಗೆದುಕೊಳ್ಳಲಿಲ್ಲ; ಅವನು ಅದನ್ನು ತಾನೇ ಇಟ್ಟುಕೊಂಡು ಗೇರು ಬದಲಾಯಿಸಿದ.

ಪಶುವೈದ್ಯೆ ಗಿಡ್ಡ ಹೆಂಗಸು. ತೋಳು ಮಡಿಸಿಕೊಂಡು, ಸಿಟ್ಟಿಗೆ ಮೊದಲೇ ಸಿದ್ಧರಾಗಿ ನಿಂತಿದ್ದರು. ಉಕ್ಕಿನ ಮೇಜಿನ ಮೇಲೆ ನಾಯಿಯ ಹೊಟ್ಟೆಯನ್ನು ಒತ್ತುತ್ತ, ವಾಂತಿ ಯಾವಾಗ ಶುರುವಾಯಿತೆಂದು ಕೇಳಿದರು. ಇಂದು ಎಂದಳು ತಂಗಿ. ಮೊನ್ನೆ ಎಂದಳು ಅಕ್ಕ. ತನ್ನ ಮೇಜಿನ ಕೆಳಗೆ ಕಕ್ಕಿತ್ತು, ತಾನು ಒರೆಸಿಹಾಕಿದೆ ಎಂದೂ ಸೇರಿಸಿದಳು. ಊಟ ಯಾವಾಗ ಬಿಟ್ಟಿತು? ತನ್ನ ತಟ್ಟೆ ಮುಟ್ಟಿಲ್ಲ, ಆ ಕಡೆ ತಿನ್ನುತ್ತಿದೆ ಎಂದುಕೊಂಡೆ, ಎಂದಳು ತಂಗಿ. ತನ್ನ ತಟ್ಟೆಯನ್ನೂ ಮುಟ್ಟಿಲ್ಲ, ತಾನೂ ಹಾಗೆಯೇ ಎಂದುಕೊಂಡೆ, ಎಂದಳು ಅಕ್ಕ. ಹೊರಗೆ ಮಲಕ್ಕೆ ಕೂತದ್ದು? ಹಿತ್ತಲು ತಂಗಿಯ ಕಡೆ; ನಿನ್ನೆಯೆಲ್ಲ ಅದು ಸುಮ್ಮನೆ ತಿಣುಕಿ ತಿಣುಕಿ ಎದ್ದು ಬಂದದ್ದನ್ನು ಅವಳು ಕಂಡಿದ್ದಳು. ಆದರೆ ವಾಂತಿ ಕಂಡಿರಲಿಲ್ಲವಲ್ಲ. ಅಕ್ಕ ವಾಂತಿ ಕಂಡಿದ್ದಳು, ಹಿತ್ತಲು ಕಂಡಿರಲಿಲ್ಲ.

ವೈದ್ಯೆ ತಲೆಯೆತ್ತಿದರು. "ನೀವಿಬ್ರೂ ಒಂದೇ ಮನೇಲಿರೋದಾ?"

ಅಕ್ಕ ತಲೆಯಾಡಿಸಿದಳು.

"ನೋಡಿ. ದಾರದ ಒಂದು ಕಡೆ ನಾಲಿಗೆಗೆ ಬಿಗಿದಿದೆ. ಕರುಳು ಅದನ್ನ ಮುಂದಕ್ಕೆ ತಳ್ಳೋಕೆ ಹೋಗಿ, ತಾನೇ ಅದರ ಮೇಲೆ ಮುದುಡಿಕೊಂಡು ಕೂತಿದೆ. ಇನ್ನು ಅದರೊಳಗೆ ಏನೂ ಸಾಗಲ್ಲ. ದಾರ ಬಿಗಿದಷ್ಟೂ ಒಳಗಿನಿಂದ ಕೊಯ್ಯುತ್ತೆ, ಗರಗಸದ ಹಾಗೆ." ಅಕ್ಕನ ಕುತ್ತಿಗೆಯಲ್ಲಿ ಮರೆತು ಉಳಿದಿದ್ದ ಅಳತೆ ಪಟ್ಟಿಯ ಮೇಲೆ ಅವರ ಕಣ್ಣು ನಿಂತಿತು. "ನೆರಿಗೆ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯಾರಾದ್ರೂ ಎಳೆದ್ರಾ?"

"ನಾನು," ಎಂದಳು ತಂಗಿ. "ಸ್ವಲ್ಪ."

"ಬೇಡ ಅಂದ ಮೇಲೂ ಎಳೆದಳು," ಎಂದಳು ಅಕ್ಕ.

ತಂಗಿ ಅವಳ ಕಡೆ ತಿರುಗಿದಳು. ಅಷ್ಟು ಹತ್ತಿರದಿಂದ ಆ ಮುಖವನ್ನು ನೋಡಿ ಬಹಳ ಕಾಲವಾಗಿತ್ತು. ಕೆನ್ನೆ ಇಳಿದಿತ್ತು, ಬಾಯಿಯ ಸುತ್ತ ತಾಯಿಯ ಗೆರೆಗಳು ಬಂದು ಕೂತಿದ್ದವು. ಅದಕ್ಕೂ ಅವಳಿಗೆ ಸಿಟ್ಟು ಬಂತು. "ಮೊನ್ನೆಯೇ ಕಕ್ಕಿದ್ದನ್ನ ಒರೆಸಿ ಬಾಯಿ ಮುಚ್ಚಿಕೊಂಡು ಕೂತವಳು ನೀನು," ಎಂದಳು.

ಜಗಳವನ್ನು ಹೊರಗೆ ಆಡಿಕೊಳ್ಳಿ ಎಂದು ವೈದ್ಯೆ ಬಾಗಿಲು ಹಾಕಿದರು.

ಹೊರಗೆ ಮರದ ಬೆಂಚು. ಅದರ ಒಂದೊಂದು ಕೊನೆಗೆ ಒಬ್ಬೊಬ್ಬಳು ಕೂತು, ನಡುವೆ ಒಂದು ನಾಯಿ ಕೂರುವಷ್ಟು ಜಾಗ ಬಿಟ್ಟರು. ಅಕ್ಕ ಅಳತೆ ಪಟ್ಟಿಯನ್ನು ಸುರುಳಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೇಳಬೇಕಾದ್ದು ತಂಗಿಯ ಗಂಟಲವರೆಗೆ ಬರುತ್ತಿತ್ತು. ಅಭ್ಯಾಸಬಲದಿಂದ ಕಣ್ಣು ಆ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಹೋಗಿ, ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಎದುರಿನ ಗೋಡೆಯ ಬಿಸಿಲು ಕಿಟಕಿಯ ಸರಳುಗಳನ್ನು ಹೊತ್ತುಕೊಂಡು ಮೆಲ್ಲನೆ ಮೇಲೇರಿತು. ಹೋಟೆಲಿನವರು ಬಂದು ಬಾಗಿಲು ಬಡಿದು ಬೈದುಕೊಂಡು ಹೋಗುವ ಹೊತ್ತಾಗಿರಬೇಕು.

ಬಾಗಿಲು ತೆರೆದಾಗ ವೈದ್ಯೆಯ ಕೈಯಲ್ಲಿ ತಟ್ಟೆಯಿತ್ತು, ಅದರಲ್ಲಿ ದಾರವಿತ್ತು. ಅಷ್ಟು ಉದ್ದದ್ದನ್ನು ನಾಯಿ ಒಳಗಿಟ್ಟುಕೊಂಡಿತ್ತೆಂದು ನಂಬುವುದು ಕಷ್ಟವಾಗಿತ್ತು. ಮೊದಲು ನಾಲಿಗೆಯ ಕುಣಿಕೆ ಕತ್ತರಿಸಿ, ಆಮೇಲೆ ಕರುಳನ್ನು ಅಲ್ಲಲ್ಲಿ ತೆರೆದು, ತುಂಡು ತುಂಡಾಗಿ ತೆಗೆದದ್ದಂತೆ. ಒಂದು ಕಡೆ ದಾರ ಆಗಲೇ ಕೊಯ್ದಿತ್ತು. ಅಷ್ಟು ಭಾಗ ತೆಗೆದು ಜೋಡಿಸಬೇಕಾಯಿತು.

ಯಾವ ಹೊಲಿಗೆ ಹಾಕಿದಿರಿ ಎಂದು ಅಕ್ಕ ಕೇಳಿದಳು.

ವೈದ್ಯೆ ಅವಳನ್ನು ಒಮ್ಮೆ ನೋಡಿದರು. "ಬಿಡಿ ಹೊಲಿಗೆ. ಒಂದೊಂದಕ್ಕೂ ಅದರದೇ ಗಂಟು."

ಸರಿ ಎಂಬಂತೆ ಅಕ್ಕ ತಲೆದೂಗಿದಳು. ಒಂದು ಬಿಟ್ಟರೂ ಮಿಕ್ಕವು ಹಿಡಿಯುತ್ತವೆ ಎಂದು ತಂಗಿಯೂ ಅಂದುಕೊಂಡಳು. ಅಕ್ಕನೂ ಅದನ್ನೇ ಅಂದುಕೊಂಡಿರುತ್ತಾಳೆಂದು ಗೊತ್ತಾಗಿ ಮುಖ ತಿರುಗಿಸಿದಳು.

ಹೊಲಿಗೆ ಸೋರದೆ ನಿಂತರೆ ಬದುಕುತ್ತದೆ, ಸೋರಿದರೆ ಇಲ್ಲ. ತಿಂದದ್ದು ಒಳಗೆ ನಿಂತು, ನಾಯಿ ತಾನಾಗಿ ಹೊರಗೆ ಕೂತು ಮಲ ಹಾಕುವವರೆಗೆ ತಾನು ಯಾವ ಮಾತನ್ನೂ ಕೊಡಲಾರೆ ಎಂದರು ವೈದ್ಯೆ. ಕೆಲವು ದಿನ ತಮ್ಮಲ್ಲೇ ಇಟ್ಟುಕೊಂಡು ಕಳಿಸಿಕೊಡುವಾಗ ಇನ್ನೊಂದು ಮಾತು ಸೇರಿಸಿದರು; ಗಡಿಯಾರದವನು ಅವರ ಕಿವಿಗೆ ಎಲ್ಲವನ್ನೂ ಹಾಕಿದ್ದನೆಂದು ಕಾಣುತ್ತದೆ. "ಎಷ್ಟು ತಿಂತು, ಏನು ಕಕ್ಕಿತು, ಎಲ್ಲಾನೂ ಒಬ್ಬರಿಗೊಬ್ಬರು ಹೇಳ್ಕೊಳ್ಳಿ. ನಾಯಿಗೆ ಹೇಳಬೇಡಿ. ಅದಕ್ಕೆ ಗೊತ್ತಿದೆ."

ಮನೆಗೆ ಬಂದ ಗುಂಡಿಯ ಹೊಟ್ಟೆ ಬೋಳಾಗಿತ್ತು. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ದೀಪದ ಬುರುಡೆಯ ಸುತ್ತ ಇರುವ ಮರೆಯಂಥ ಅಗಲವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಎಲ್ಲಿ ಮಲಗಿಸಬೇಕೆಂಬುದಕ್ಕೇ ಮೊದಲ ಜಗಳವಾಯಿತು. ನೆಲದ ತುಂಬ ದಾರವಿರುವ ಕೋಣೆ ಬೇಡವೆಂದು ಅಕ್ಕ. ಹಿತ್ತಲಿನ ಬಾಗಿಲು ದೂರವಿರುವ ಕೋಣೆ ಬೇಡವೆಂದು ತಂಗಿ. ಕಡೆಗೆ ಹಾಸಿಗೆ ಹೊಸ್ತಿಲ ಮೇಲೆಯೇ ಬಿತ್ತು, ಅರ್ಧ ಅಲ್ಲಿ, ಅರ್ಧ ಇಲ್ಲಿ. ಮಾತು ಬಂದಿತ್ತು, ಆದರೆ ಬಾಡಿಗೆಗೆ ತಂದ ಪಾತ್ರೆಯಂತೆ, ಲೆಕ್ಕವಿಟ್ಟು ಬಳಸುತ್ತಿದ್ದರು. ತಿಂತಾ. ಮೂರು ಚಮಚ. ಕಕ್ಕಿತಾ. ಇಲ್ಲ. ಹೊರಗೆ ಹೋಯ್ತಾ. ಹೋಯ್ತು, ಸುಮ್ಮನೆ ನಿಂತು ಬಂತು.

ಆ ಸಂಜೆಯೂ ಅದು ಸುಮ್ಮನೆ ನಿಂತು ಬಂದು ಮಲಗಿತ್ತು. ತಂಗಿ ಹೊಸದೊಂದು ಮುಚ್ಚಳದ ಡಬ್ಬಿಯನ್ನು ಯಂತ್ರದ ಕಾಲಿಗೆ ಕಟ್ಟಿ, ಕಿತ್ತ ದಾರಗಳನ್ನು ಅದರೊಳಗೆ ತುರುಕುತ್ತಿದ್ದಳು. ಈ ಬುದ್ಧಿ ಮೊದಲೇ ಬಂದಿದ್ದರೆ ಎಂದು ಅಕ್ಕ ಹೊಸ್ತಿಲಿಂದ ಅಂದದ್ದೇ ಸಾಕಾಯಿತು.

"ಬುದ್ಧಿ ಮಾತು ನಿನ್ನ ಬಾಯಲ್ಲಿ ಬೇಡ," ಎಂದಳು ತಂಗಿ. "ನನ್ನ ದಾರ ಒಂದು ನಾಯಿಗೆ ಸಿಕ್ಕಿಕೊಳ್ತು. ನಿನ್ನ ಒಂದು ಮಾತಿಗೆ ಅಮ್ಮ ಹೋದಳು. ಬೆಳಿಗ್ಗೆ ನೋಡೋಣ ಅಂದೆ ನೀನು."

"ಅಂದೆ."

"ಅಂದು, ಹೋಗಿ ಮಲಗಿದೆ."

"ಮಲಗಿದೆ. ನಿದ್ದೆ ಬರಲಿಲ್ಲ." ಅಕ್ಕ ಮೇಜಿಗೆ ಒರಗಿದಳು. ಅವಳ ದನಿಯಲ್ಲಿ ಮರುಕವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಷ್ಟು ನೇರವಾಗಿತ್ತು. "ನಿನ್ನ ಕೋಣೇಲೂ ದೀಪ ಉರೀತಿತ್ತು. ನನಗೆ ಇಲ್ಲಿಂದ ಕಾಣ್ತಿತ್ತು. ಫೋನು ಆಗಲೂ ಇದೇ ಗೋಡೆ ಮೇಲಿತ್ತು. ನೀನೂ ಎದ್ದು ಬರಲಿಲ್ಲ."

ಯಂತ್ರದ ಚಕ್ರ ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ತಂಗಿಯ ಬೆರಳಿನಲ್ಲಿ ಒಂದು ತುಂಡು ಬಿಳಿಯ ದಾರ ಸುತ್ತಿಕೊಂಡೇ ಇತ್ತು. ಅದರ ಕೆಳಗೆ ಚರ್ಮ ಕೆಂಪಾಗಿ ಉಬ್ಬಿತ್ತು. ಅವಳು ಅಕ್ಕನಿಂದ ಕಣ್ಣು ತೆಗೆದು ನಾಯಿಯ ಕಡೆ ತಿರುಗಿದಳು.

"ಗುಂಡಿ," ಎಂದಳು ಕಡೆಗೆ, ಬಹಳ ಸಣ್ಣಗೆ. "ನಿನ್ನ ದೊಡ್ಡಮ್ಮನಿಗೆ..."

ಅಷ್ಟು ಹೊತ್ತೂ ಮಾತಿನಲ್ಲಿ ತನ್ನ ಹೆಸರಿಗಾಗಿ ಕಿವಿ ಹೊರಳಿಸುತ್ತಿದ್ದ ನಾಯಿ ಎದ್ದು ನಿಂತಿತ್ತು. ಆದರೆ ಅದು ಮುಂಗೋಣೆಯ ಕಡೆ ನಡೆಯಲಿಲ್ಲ. ಕುತ್ತಿಗೆಯ ಪಟ್ಟಿ ಗೋಡೆಗೆ, ಯಂತ್ರದ ಕಾಲಿಗೆ ತಾಗುತ್ತ, ಹಿತ್ತಲಿನ ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು, ಮರದ ಮೇಲೆ ಒಮ್ಮೆ ಉಗುರಾಡಿಸಿತು. ತಂಗಿ ಬಾಗಿಲು ತೆರೆದಳು. ಅಕ್ಕ ಹೊಸ್ತಿಲು ದಾಟಿ, ಹಾಸಿಗೆಯನ್ನೂ ದಾಟಿ, ಅವಳ ಬೆನ್ನ ಹಿಂದೆ ಬಂದು ನಿಂತಳು.

ಹಿತ್ತಲಿನಲ್ಲಿ ಇನ್ನೂ ಬೆಳಕಿತ್ತು. ಗುಂಡಿ ಗೋಡೆಯ ಮೂಲೆಯ ಹುಲ್ಲನ್ನು ಮೂಸಿತು. ಒಂದು ಸುತ್ತು ಹಾಕಿತು. ಜಾಗ ಒಪ್ಪದೆ ಮುಂದೆ ಹೋಗಿ ಇನ್ನೊಂದು ಸುತ್ತು ಹಾಕಿತು. ನಾಯಿ ಬೆನ್ನನ್ನು ಬಾಗಿಸಿ, ಹಿಂಗಾಲುಗಳನ್ನು ಮಡಿಸಿ, ಯಾರನ್ನೂ ನೋಡದೆ, ಬಹಳ ಹೊತ್ತು ಕೂತಿತು. ಆಮೇಲೆ ಎದ್ದು, ಹಿಂಗಾಲುಗಳಿಂದ ಮಣ್ಣು ಕೆದರಿ ಹಿಂದಕ್ಕೆ ಚಿಮ್ಮಿತು. ಒಣ ಮಣ್ಣಿನ ಹರಳುಗಳು ಹಾರಿಬಂದು, ಮೆಟ್ಟಿಲ ಮೇಲೆ ನಿಂತಿದ್ದ ಅವರಿಬ್ಬರ ಪಾದಗಳ ಮೇಲೆ ಬಿದ್ದವು.